ಕಾಳಿಂಗಕ್ಕೆ ರಕ್ಷಣೆ ಇಲ್ಲ ಎಂದ ಪಟ್ಟಿ: ಜೀವಿಗಳ ಡೇಟಾಬೇಸ್ ತಪ್ಪು ಹೇಳಿದರೆ ಎಲ್ಲಿ ಹುಡುಕಬೇಕು

ಮಳೆಗಾಲದ ಒಂದು ಸಂಜೆ ತೀರ್ಥಹಳ್ಳಿ ಕಡೆಯ ಮೇಷ್ಟ್ರೊಬ್ಬರು ಫೋನ್ ಮಾಡಿದರು. ಶಾಲೆಯಲ್ಲಿ ಹಾವುಗಳ ಬಗ್ಗೆ ಮಾತಾಡಬೇಕಿತ್ತು. ನಾವು ಕೆಲವು ಗೆಳೆಯರು ಸೇರಿ ಕಟ್ಟಿಕೊಂಡಿರುವ ಜೀವಿಗಳ ಪಟ್ಟಿಯಿಂದ ಒಂದು ಪುಟ ಪ್ರಿಂಟ್ ತೆಗೆದಿದ್ದರು.

"ಎಂತ ಸಾರ್ ಇದು? ಕಾಳಿಂಗದ ಮುಂದೆ ಏನೂ ಇಲ್ವಲ್ಲ. ರಕ್ಷಣೆ ತೆಗೆದುಬಿಟ್ರಾ?"

ತೆರೆದು ನೋಡಿದೆ. ನಿಜ.

ಹೆಸರು: ಓಫಿಯೊಫೇಗಸ್ ಕಾಳಿಂಗ
ಕನ್ನಡ: ಕಾಳಿಂಗ ಸರ್ಪ
ಕೆಂಪು ಪಟ್ಟಿ: ಖಾಲಿ
ಅನುಸೂಚಿ: ಖಾಲಿ
ಸೈಟೀಸ್: ಖಾಲಿ

ಕೆಂಪು ಪಟ್ಟಿ ಅಂದರೆ ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರ ಇದೆ ಅಂತ ಐಯುಸಿಎನ್ ಸಂಸ್ಥೆ ಜಗತ್ತಿನ ಮಟ್ಟದಲ್ಲಿ ಅಳೆದಿಡುವ ಪಟ್ಟಿ. ಅನುಸೂಚಿ ಅಂದರೆ ನಮ್ಮ ವನ್ಯಜೀವಿ ಕಾಯ್ದೆಯ ಪಟ್ಟಿ. ಸೈಟೀಸ್ ಅಂದರೆ ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ. ಹಿಂದಿನ ವಾರದ ಪ್ರತಿಯಲ್ಲಿ ಮೂರೂ ತುಂಬಿದ್ದವು. ನನ್ನ ಕೈ ತಾನಾಗಿ ಖಾಲಿ ಸೆಲ್ ಮೇಲೆ ಹೋಯಿತು. ಟೈಪ್ ಮಾಡಿ ತುಂಬಿಸಿಬಿಟ್ಟರೆ ಮುಗೀತು, ಅಲ್ವಾ? ಇಲ್ಲ. ಅಲ್ಲಿ ಟೈಪ್ ಮಾಡಿದ್ದರೆ ಇದೇ ತಪ್ಪು ಇನ್ನೂ ಹದಿನೈದು ಸಾಲುಗಳಲ್ಲಿ ಕೂತಿರುವುದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಈ ಕೆಲಸದಲ್ಲಿ ಕಲಿತದ್ದು ಇಷ್ಟು. ಒಂದು ಜೀವಿಯ ಸ್ಥಿತಿ ತಪ್ಪಾಗಿ ಕಂಡರೆ ಬಹುತೇಕ ಸಲ ಕೆಟ್ಟಿರುವುದು ಸ್ಥಿತಿಯಲ್ಲ, ಹೆಸರು. ಹೆಸರು ಸರಿಯಿದ್ದರೆ ತಾರೀಖು. ತಾರೀಖೂ ಸರಿಯಿದ್ದರೆ ಯಾರೋ ಮೌಸ್ ಎಳೆದಿದ್ದಾರೆ. ಸ್ಥಿತಿಯ ಕಾಲಂ ಮುಟ್ಟುವುದು ಕೊನೆಗೆ.

ಮೊದಲ ಹತ್ತು ನಿಮಿಷ

ಏನನ್ನೂ ತಿದ್ದಬೇಡಿ. ಫೈಲಿನ ಒಂದು ಪ್ರತಿ ಮಾಡಿ, ಹೆಸರಿನಲ್ಲಿ ಇವತ್ತಿನ ತಾರೀಖು ಹಾಕಿ ಪಕ್ಕಕ್ಕಿಡಿ. ಆಮೇಲೆ ತಪ್ಪಾಗಿರುವ ಒಂದೇ ಒಂದು ಸಾಲು ಹಿಡಿದುಕೊಳ್ಳಿ. ಅದೇ ಕುಲದ (ವೈಜ್ಞಾನಿಕ ಹೆಸರಿನ ಮೊದಲ ಮಾತು ಒಂದೇ ಆಗಿರುವ), ಅದೇ ಊರಿನ, ಅದೇ ದಿನ ಯಾರೋ ಸೇರಿಸಿದ ಇನ್ನೊಂದು ಸಾಲು ನೋಡಿ. ಅದೂ ಕೆಟ್ಟಿದೆಯಾ? ಒಂದೇ ಸಾಲು ಕೆಟ್ಟಿದ್ದರೆ ಅದು ಕೈತಪ್ಪು. ಒಂದೇ ದಿನ ಸೇರಿಸಿದ್ದೆಲ್ಲ ಕೆಟ್ಟಿದ್ದರೆ ಆ ದಿನದ ಫೈಲು ಕೆಟ್ಟಿದೆ. ಹೊಸದಾಗಿ ಹೆಸರು ಬದಲಾದವೆಲ್ಲ ಕೆಟ್ಟಿದ್ದರೆ ನಮ್ಮ ಫೈಲಿಗೂ ಮೂಲ ಪಟ್ಟಿಗಳಿಗೂ ಇರುವ ಕೊಂಡಿ ಕಳಚಿದೆ. ಈ ಮೂರರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ನಮ್ಮ ಕಾಳಿಂಗದ್ದು ಮೂರನೆಯದು.

ಹೆಸರು ಬದಲಾಯಿತು, ಕೊಂಡಿ ಕಳಚಿತು

ಕಾಳಿಂಗ ಸರ್ಪಕ್ಕೆ ಬಹಳ ಕಾಲದಿಂದ ಇದ್ದದ್ದು ಒಂದೇ ಹೆಸರು, ಓಫಿಯೊಫೇಗಸ್ ಹನ್ನಾ. 2024ರಲ್ಲಿ ಸಂಶೋಧಕರು ಅದನ್ನು ನಾಲ್ಕು ಪ್ರಭೇದಗಳಾಗಿ ಒಡೆದರು. ಪಶ್ಚಿಮ ಘಟ್ಟದ್ದಕ್ಕೆ ಸಿಕ್ಕ ಹೆಸರು ಓಫಿಯೊಫೇಗಸ್ ಕಾಳಿಂಗ. ನಮ್ಮ ಕನ್ನಡದ ಮಾತೇ ವಿಜ್ಞಾನದ ಹೆಸರಾಯಿತು ಅಂತ ನಾವೆಲ್ಲ ಖುಷಿಪಟ್ಟೆವು. ಆ ಖುಷಿಯಲ್ಲೇ ತಂಡದ ಹುಡುಗನೊಬ್ಬ ಘಟ್ಟದ ಎಲ್ಲ ದಾಖಲೆಗಳಲ್ಲೂ ಹನ್ನಾ ತೆಗೆದು ಕಾಳಿಂಗ ಅಂತ ಹಾಕಿದ. ಅವನದು ತಪ್ಪಲ್ಲ. ತಪ್ಪು ನನ್ನದು. ಡೇಟಾಬೇಸ್ ಕಟ್ಟುವಾಗ ವೈಜ್ಞಾನಿಕ ಹೆಸರನ್ನೇ ಬೀಗದ ಕೀಲಿ ಮಾಡಿದ್ದೆ, ಆ ಹೆಸರು ಹೊಂದಿದರೆ ಮಾತ್ರ ಬೇರೆ ಪಟ್ಟಿಗಳಿಂದ ಮಾಹಿತಿ ಬರುವ ಹಾಗೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳನ್ನು ಕಡೆಯ ಸಲ ದೊಡ್ಡದಾಗಿ ಬದಲಿಸಿದ್ದು 2022ರ ತಿದ್ದುಪಡಿ. 2024ರ ಹೆಸರು ಅದರಲ್ಲಿ ಇರುವುದಾದರೂ ಹೇಗೆ? ಸೈಟೀಸ್ ಪಟ್ಟಿ ಕೂಡ ತಾನು ಒಪ್ಪಿಕೊಂಡ ಹೆಸರುಗಳ ಪುಸ್ತಕವನ್ನೇ ಹಿಡಿದು ನಡೆಯುತ್ತದೆ. ಹೊಸ ಪೇಪರ್ ಬಂದ ಮಾರನೇ ದಿನ ಅದು ಬದಲಾಗುವುದಿಲ್ಲ. ಕೆಂಪು ಪಟ್ಟಿಯಲ್ಲಿ 'ವಿಯು' (ಅಪಾಯದಲ್ಲಿದೆ) ಅಂತ ಇದ್ದದ್ದೂ ಹನ್ನಾ ಹೆಸರಿನಲ್ಲೇ. ಹಾಗಾಗಿ ನಮ್ಮ ಫೈಲು ಮೂರು ಮನೆಯ ಬಾಗಿಲು ತಟ್ಟಿತು, ಕಾಳಿಂಗ ಅನ್ನುವವರು ಇಲ್ಲಿಲ್ಲ ಅಂತ ಮೂವರೂ ಹೇಳಿದರು, ಮೂರೂ ಸೆಲ್ ಖಾಲಿಯಾದವು.

ಪರೀಕ್ಷೆ ಸುಲಭ. ಖಾಲಿ ಬಂದ ಹೆಸರನ್ನು ಬಿಟ್ಟು ಅದರ ಹಳೆಯ ಹೆಸರನ್ನು ಅದೇ ಜಾಗದಲ್ಲಿ ಹಾಕಿ ನೋಡಿ. ಮಾಹಿತಿ ಬಂದರೆ ರೋಗ ಸಿಕ್ಕಿತು.

ಮದ್ದು ಸ್ವಲ್ಪ ಉದ್ದ. ಪ್ರತಿ ಜೀವಿಗೂ ಅರ್ಥವಿಲ್ಲದ ಒಂದು ನಂಬರು ಕೊಡಿ, ಪಡಿತರ ಚೀಟಿಯ ನಂಬರಿನ ಹಾಗೆ. ಹೆಸರುಗಳಿಗೆ ಬೇರೆಯದೇ ಒಂದು ಟೇಬಲ್ ಇರಲಿ. ಅದರಲ್ಲಿ ಒಂದು ನಂಬರಿಗೆ ಎಷ್ಟು ಹೆಸರು ಬೇಕಾದರೂ ಇರಬಹುದು: ಈಗಿನದು, ಹಳೆಯದು, ಕಾನೂನಿನಲ್ಲಿರುವುದು, ಸೈಟೀಸ್ ಬಳಸುವುದು. ಕಾಳಿಂಗದಂತೆ ಒಡೆದ ಪ್ರಭೇದಕ್ಕೆ ಇನ್ನೂ ಒಂದು ಕಾಲಂ ಬೇಕು, 'ಯಾವುದರಿಂದ ಒಡೆದದ್ದು' ಅಂತ.

ಇಲ್ಲಿ ಒಂದು ತೀರ್ಮಾನ ನೀವೇ ಮಾಡಬೇಕು. ಒಡೆದ ಮೇಲೆ ಹಳೆಯ ಸ್ಥಿತಿ ಹೊಸದಕ್ಕೆ ಬರುತ್ತದಾ? ನಾನು ಕಾನೂನಿಗೂ ಕೆಂಪು ಪಟ್ಟಿಗೂ ಬೇರೆ ಬೇರೆ ಉತ್ತರ ಇಟ್ಟುಕೊಂಡಿದ್ದೇನೆ. ಕಾನೂನು ಬರೆದಾಗ ಹನ್ನಾ ಅಂದರೆ ಆಗುಂಬೆಯ ಹಾವೂ ಸೇರಿತ್ತು. ಹಾಗಾಗಿ ಅನುಸೂಚಿಯನ್ನು ಹೊಸ ಸಾಲಿಗೂ ತರುತ್ತೇನೆ, ಪಕ್ಕದಲ್ಲಿ 'ಹಳೆಯ ಹೆಸರಿನಿಂದ ಬಂದದ್ದು' ಅಂತ ಬರೆಯುತ್ತೇನೆ. ಕೆಂಪು ಪಟ್ಟಿಯದ್ದು ಹಾಗಲ್ಲ. ಅದು ಒಂದು ಅಳತೆ. ಭಾರತದಿಂದ ಫಿಲಿಪ್ಪೀನ್ಸ್‌ವರೆಗೆ ಹರಡಿದ್ದ ಹಾವನ್ನು ಅಳೆದು ಬಂದ ಉತ್ತರವನ್ನು ಘಟ್ಟದಲ್ಲಿ ಮಾತ್ರ ಇರುವ ಹಾವಿಗೆ ಅಂಟಿಸಿದರೆ ಸುಳ್ಳಾಗುತ್ತದೆ. ಅಲ್ಲಿ 'ಅಳೆದಿಲ್ಲ, ಒಡೆಯುವ ಮೊದಲು ವಿಯು' ಅಂತ ಬರೆದೆ. ಮೇಷ್ಟ್ರಿಗೂ ಅದನ್ನೇ ಹೇಳಿದೆ.

ಖಾಲಿ ಸೆಲ್ ಆದರೂ ಕಣ್ಣಿಗೆ ಬೀಳುತ್ತದೆ. ಮೀನಿನ ವಿಷಯ ಇದಕ್ಕಿಂತ ಕೆಟ್ಟದ್ದು.

ಕಾವೇರಿಯ ದೊಡ್ಡ ಡುಬ್ಬದ ಮಹಶೀರ್ ಮೀನಿಗೆ ಬಹಳ ವರ್ಷ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಜನ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು, ದಾಖಲೆಯಲ್ಲಿ ಟಾರ್ ಖುದ್ರೀ ಅಂತಲೋ ಟಾರ್ ಮುಸುಲ್ಲಾ ಅಂತಲೋ ಬರೆಯುತ್ತಿದ್ದರು. 2018ರಲ್ಲಿ ಅದು ಟಾರ್ ರೆಮಾದೇವಿ ಅಂತ ಗಟ್ಟಿಯಾಯಿತು. ಅದೇ ವರ್ಷ ಕೆಂಪು ಪಟ್ಟಿಯಲ್ಲಿ 'ಸಿಆರ್', ಅಂದರೆ ಕಾಡಿನಲ್ಲಿ ಅಳಿಯುವ ಮುಂಚಿನ ಕಡೆಯ ಮೆಟ್ಟಿಲು. ಇನ್ನೊಂದು ಕಡೆ, ಮೊದಲು 'ಇಎನ್' (ಅಳಿವಿನಂಚು) ಆಗಿದ್ದ ಟಾರ್ ಖುದ್ರೀ 'ಎಲ್‌ಸಿ'ಗೆ ಇಳಿಯಿತು, ಸದ್ಯಕ್ಕೆ ಚಿಂತೆಯಿಲ್ಲ ಅಂತ.

ಈಗ ನೋಡಿ. ನಿಮ್ಮ ಹಳೆಯ ಕಾವೇರಿ ದಾಖಲೆಗಳೆಲ್ಲ ಖುದ್ರೀ ಹೆಸರಿನಲ್ಲಿವೆ. ನೀವು ಶ್ರದ್ಧೆಯಿಂದ ಹೊಸ ಕೆಂಪು ಪಟ್ಟಿ ತಂದು ಅಪ್‌ಡೇಟ್ ಮಾಡಿದಿರಿ. ಎಲ್ಲ ಸಾಲೂ ತುಂಬಿವೆ, ಎಲ್ಲೂ ಕೆಂಪು ಗುರುತಿಲ್ಲ. ಆದರೆ ನದಿಯಲ್ಲಿ ಎಲ್ಲಕ್ಕಿಂತ ಕಷ್ಟದಲ್ಲಿರುವ ಮೀನು ನಿಮ್ಮ ಪಟ್ಟಿಯಲ್ಲಿ ಆರಾಮವಾಗಿದೆ. ಯಾವ ಸಾಫ್ಟ್‌ವೇರೂ ಇದನ್ನು ತಪ್ಪು ಅನ್ನುವುದಿಲ್ಲ.

ಹಾಗಂತ ಖುದ್ರೀ ಅಂತ ಇದ್ದದ್ದನ್ನೆಲ್ಲ ರೆಮಾದೇವಿ ಮಾಡಿಬಿಡುವ ಹಾಗೂ ಇಲ್ಲ. ಮರಿಕೇಂದ್ರದಲ್ಲಿ ಬೆಳೆಸಿದ ಖುದ್ರೀ ಮರಿಗಳನ್ನು ಕಾವೇರಿಗೆ ಬಿಟ್ಟಿದ್ದಾರೆ. ಎರಡೂ ಅದೇ ನೀರಿನಲ್ಲಿವೆ. ಫೋಟೊ ಇದ್ದರೆ ಗೊತ್ತಿದ್ದವರಿಗೆ ತೋರಿಸಿ. ಫೋಟೊ ಇಲ್ಲದ ದಾಖಲೆಗೆ ಕುಲದ ಹೆಸರಷ್ಟೇ ಉಳಿಸಿ, 'ಗುರುತು ಸಂದೇಹ' ಅಂತ ಹಾಕಿ. ದಾಖಲೆ ಹಾಳಾಯಿತಲ್ಲ ಅಂತ ಹೊಟ್ಟೆ ಉರಿಯುತ್ತದೆ. ಉರಿಯಲಿ. ಅದಕ್ಕೇ ಈಗ ಪ್ರತಿ ಅಪ್‌ಡೇಟ್ ಆದಮೇಲೆ ಸ್ಥಿತಿ ಕೆಳಗಿಳಿದ ಜೀವಿಗಳ ಪಟ್ಟಿಯನ್ನು ಬೇರೆ ತೆಗೆದು ಒಂದೊಂದಾಗಿ ಓದುತ್ತೇನೆ. ಒಳ್ಳೆ ಸುದ್ದಿಯ ಮೇಲೆ ನನಗೆ ಜಾಸ್ತಿ ಅನುಮಾನ.

ಚಿಕ್ಕ ಕೊಂಡಿ ದೋಷಗಳೂ ಇವೆ, ಬೇಗ ಹೇಳಿಬಿಡುತ್ತೇನೆ. ಲ್ಯಾಟಿನ್ ಹೆಸರಿನ ಬಾಲ ಕುಲದ ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ. ಚಿಕ್ಕ ಉಗುರಿನ ನೀರುನಾಯಿ ಒಂದು ಕಡೆ ಏಯಾನಿಕ್ಸ್ ಸಿನೆರಿಯಾ, ಇನ್ನೊಂದು ಕಡೆ ಏಯಾನಿಕ್ಸ್ ಸಿನೆರಿಯಸ್, ಹಳೆಯ ಪುಸ್ತಕದಲ್ಲಿ ಆಂಬ್ಲೊನಿಕ್ಸ್. ಮೂರೂ ಒಂದೇ ಪ್ರಾಣಿ. ಪಿಡಿಎಫ್‌ನಿಂದ ಕಾಪಿ ಮಾಡಿದ ಹೆಸರಿನ ಕೊನೆಗೆ ಕಾಣದ ಒಂದು ಸ್ಪೇಸ್ ಅಂಟಿಕೊಂಡಿರುತ್ತದೆ. ಹೆಸರಿನ ಹಿಂದೆ ಹೆಸರಿಟ್ಟವರ ಹೆಸರೂ ವರ್ಷವೂ ಸೇರಿಕೊಂಡಿರುತ್ತವೆ. ಕಂಪ್ಯೂಟರಿಗೆ ಹೊಂದಿಸಲು ಕೊಟ್ಟಾಗ ಪೂರ್ತಿ ಹೊಂದಲಿಲ್ಲ ಅಂತ ಅದು ಕುಲಕ್ಕೆ ಮಾತ್ರ ಹೊಂದಿಸಿ ಸುಮ್ನೆ ಮುಂದೆ ಹೋಗುತ್ತದೆ. ಹೊಂದಾಣಿಕೆ ಯಾವ ಮಟ್ಟದಲ್ಲಿ ಆಯಿತು ಅನ್ನುವ ಕಾಲಂ ಅಳಿಸಬೇಡಿ.

ಕನ್ನಡ ಹೆಸರು ಹುಡುಕಿದರೆ ಸಿಗುವುದಿಲ್ಲ

ಲಕ್ಷಣ: ಸಿಂಗಳೀಕ ಅಂತ ಹುಡುಕಿದರೆ ಎಂಟು ದಾಖಲೆ ಬರುತ್ತವೆ. ಪಟ್ಟಿಯನ್ನು ಕಣ್ಣಲ್ಲಿ ಓದುತ್ತ ಹೋದರೆ ಹನ್ನೆರಡು ಕಾಣುತ್ತವೆ.

ಮೊದಲ ಅನುಮಾನ ಸೊನ್ನೆಯ ಮೇಲೆ. ಕನ್ನಡದ ಅಂಕಿ ಸೊನ್ನೆಯೂ ಅನುಸ್ವಾರವೂ ನೋಡಲು ಅವಳಿ ಮಕ್ಕಳು. ಕೆಳಗಿನ ಎರಡನ್ನು ನೋಡಿ:

ಸಿಂಗಳೀಕ
ಸಿ೦ಗಳೀಕ

ಮೊದಲನೆಯದು ಸರಿ. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಹತ್ತು ನೂರು ಬರೆಯುವ ಸೊನ್ನೆ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಹುಡುಕುವ ಪೆಟ್ಟಿಗೆಗೆ ಕನ್ನಡ ಸೊನ್ನೆಯೊಂದನ್ನೇ ಹಾಕಿ ಹೆಸರಿನ ಕಾಲಂನಲ್ಲಿ ಹುಡುಕಿ. ಸಿಕ್ಕಿದ್ದೆಲ್ಲ ತಪ್ಪು. ಬದಲಿಸುವಾಗ ಹೆಸರಿನ ಕಾಲಂ ಮಾತ್ರ ಆಯ್ಕೆ ಮಾಡಿ. ಒಮ್ಮೆ ಇಡೀ ಫೈಲಿಗೆ ಕೊಟ್ಟು, ಕನ್ನಡ ಅಂಕಿಯಲ್ಲಿ ಬರೆದ ೧೦, ೨೦ ಎಲ್ಲ ಅನುಸ್ವಾರ ಹೊತ್ತುಕೊಂಡು ನಿಂತಿದ್ದವು.

ಎರಡನೇ ಅನುಮಾನ ದೀರ್ಘದ ಮೇಲೆ. 'ಳೀ' ಅನ್ನುವುದನ್ನು ಎರಡು ರೀತಿ ಕೂಡಿಸಬಹುದು. ದೀರ್ಘದ ಗುಡಿಸು ಒಂದೇ ಚಿಹ್ನೆಯಾಗಿ ಬರಬಹುದು. ಇಲ್ಲವೇ ಹ್ರಸ್ವ ಗುಡಿಸು, ಅದರ ಮುಂದೆ ದೀರ್ಘದ ಗೆರೆ ಅಂತ ಎರಡು ಚಿಹ್ನೆಯಾಗಿ ಬರಬಹುದು. 'ಕೊ', 'ಕೋ', 'ಕೇ', 'ಕೈ' ಎಲ್ಲಕ್ಕೂ ಈ ತೊಂದರೆ ಇದೆ. ಇದನ್ನು ಹಿಡಿಯಲು ಉದ್ದ ಅಳೆಯುವ ಫಾರ್ಮುಲಾ ಸಾಕು. ಸಿಂಗಳೀಕ ಸರಿಯಿದ್ದರೆ 7 ಬರುತ್ತದೆ. 8 ಬಂದರೆ ದೀರ್ಘ ಒಡೆದಿದೆ. ಆದರೆ ಮೇಲೆ ಹೇಳಿದ ಸೊನ್ನೆಯ ತಪ್ಪಿಗೂ 7 ಬರುತ್ತದೆ, ಹಾಗಾಗಿ ಎರಡೂ ಪರೀಕ್ಷೆ ಬೇಕು. ಒಡೆದ ದೀರ್ಘವನ್ನು ಯೂನಿಕೋಡ್ ನಾರ್ಮಲೈಸ್ ಮಾಡಿದರೆ, ಅಂದರೆ ಎರಡು ರೀತಿ ಕೂಡಿಸಿದ್ದನ್ನು ಒಂದೇ ರೂಪಕ್ಕೆ ತಂದರೆ, ಸರಿಹೋಗುತ್ತದೆ. ಸೊನ್ನೆ ಮಾತ್ರ ಅದಕ್ಕೆ ಬಗ್ಗುವುದಿಲ್ಲ, ಕೈಯಿಂದಲೇ ತೆಗೆಯಬೇಕು.

ಮೂರನೆಯದು ಕಾಣದ ಜೋಡಕ. 'ಸರ್ಪ' ನಾಲ್ಕು ಚಿಹ್ನೆ. ಅರ್ಕಾವತ್ತಿನ ಬದಲು 'ಸರ‍್ಪ' ಅಂತ ಬರೆದಿದ್ದರೆ ಐದು. ನಡುವೆ ಒಂದು ಕಾಣದ ಅಕ್ಷರ ಅಡಗಿ ಕೂತಿರುತ್ತದೆ.

ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿ ಸಿಕ್ಕರೆ ಕಥೆ ಬೇರೆ. ಫಾಂಟ್ ತೆಗೆದ ಕೂಡಲೇ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಆಗುತ್ತದೆ. ಪರಿವರ್ತಕಕ್ಕೆ ಹಾಕಿ, ಆಮೇಲೆ ಒತ್ತಕ್ಷರ ಇರುವ ಹೆಸರುಗಳನ್ನೂ 'ಕೃಷ್ಣಮೃಗ'ದಂಥವನ್ನೂ ಒಂದೊಂದೇ ಓದಿ. ವೈಜ್ಞಾನಿಕ ಹೆಸರಿನ ಕಾಲಂ ಮಾತ್ರ ಪರಿವರ್ತಕಕ್ಕೆ ಕೊಡಬೇಡಿ. ಲ್ಯಾಟಿನ್ ಹೆಸರು ಕನ್ನಡ ಅಕ್ಷರಗಳ ಗೊಜ್ಜಾಗಿ ಹೊರಬರುತ್ತದೆ.

ಅಕ್ಷರ ಸರಿಯಿದ್ದೂ ಹೆಸರು ಕೈಕೊಡುವುದುಂಟು. ನೀರುನಾಯಿ ಅಂತ ಬರೆದುಕೊಟ್ಟರೆ ಯಾವ ನೀರುನಾಯಿ? ಭಾರತದಲ್ಲಿ ಮೂರು ಇವೆ. ತುಂಗಭದ್ರೆಯಲ್ಲಿ ಕಾಣುವುದು ನುಣುಪು ಕೂದಲಿನದು. 2015ರಲ್ಲಿ ಅಲ್ಲಿ ಅದಕ್ಕಾಗಿಯೇ ಮೀಸಲು ಪ್ರದೇಶ ಘೋಷಿಸಿದರು. ಕೊಡಗಿನ ಹಳ್ಳದಲ್ಲಿ ಕಂಡದ್ದು ಚಿಕ್ಕ ಉಗುರಿನದಿರಬಹುದು. ಇವೆರಡೂ ಕೆಂಪು ಪಟ್ಟಿಯಲ್ಲಿ ವಿಯು, ಎರಡೂ 2019ರಲ್ಲಿ ಸೈಟೀಸ್‌ನ ಒಂದನೇ ಅನುಬಂಧಕ್ಕೆ, ಅಂದರೆ ಅತಿ ಕಟ್ಟುನಿಟ್ಟಿನ ಪಟ್ಟಿಗೆ, ಏರಿದವು. ಮೂರನೆಯದಾದ ಯುರೇಷಿಯಾದ ನೀರುನಾಯಿ ಮಾತ್ರ ಅಪಾಯದ ಹತ್ತಿರ, ಅಂದರೆ ಎನ್‌ಟಿ. ಕನ್ನಡ ಹೆಸರಿನಿಂದ ವೈಜ್ಞಾನಿಕ ಹೆಸರಿಗೆ ತಾನಾಗಿ ಹಾರುವ ಫಾರ್ಮುಲಾ ಇದ್ದರೆ ಇವತ್ತೇ ಕಿತ್ತುಹಾಕಿ. ಹಳ್ಳಿಯವರು ಕೊಟ್ಟ ಹೆಸರನ್ನು ಅವರು ಹೇಳಿದ ಹಾಗೇ ಒಂದು ಕಾಲಂನಲ್ಲಿ ಇಡಿ, ಊರಿನ ಹೆಸರಿನ ಜೊತೆ. ಅದನ್ನು ತಿದ್ದಬೇಡಿ. ಅದೇ ಮುಂದೆ ಸುಳಿವು ಕೊಡುವುದು.

ಎಲ್ಲವೂ 'ಅಳಿವಿನಂಚು' ಆದಾಗ

ನಮ್ಮ ಪತ್ರಿಕೆಗಳಿಗೆ ಒಂದೇ ಮಾತು ಗೊತ್ತು. ಸಿಂಗಳೀಕವೂ ಅಳಿವಿನಂಚಿನಲ್ಲಿದೆ, ಶ್ರೀಗಂಧವೂ ಅಳಿವಿನಂಚಿನಲ್ಲಿದೆ, ಕೃಷ್ಣಮೃಗವೂ ಅಳಿವಿನಂಚಿನಲ್ಲಿದೆ. ಕೆಂಪು ಪಟ್ಟಿಯಲ್ಲಿ ಸಿಂಗಳೀಕ ಇಎನ್, ಶ್ರೀಗಂಧ ವಿಯು, ಕೃಷ್ಣಮೃಗ ಎಲ್‌ಸಿ. ಮೂರೂ ಬೇರೆ ಬೇರೆ ಮೆಟ್ಟಿಲು. ಯಾರೋ ಉತ್ಸಾಹಿ ಪತ್ರಿಕೆ ಕತ್ತರಿಸಿಟ್ಟು ಅದರಿಂದ ಪಟ್ಟಿ ತುಂಬಿಸಿದರೆ ಎಲ್ಲವೂ ಇಎನ್ ಆಗಿ ಬರುತ್ತವೆ.

ಗುರುತು ಹಿಡಿಯುವುದು ಹೀಗೆ. ಪ್ರತಿ ದರ್ಜೆಯಲ್ಲಿ ಎಷ್ಟು ಜೀವಿಗಳಿವೆ ಅಂತ ಎಣಿಸಿ. ಇಎನ್ ಉಬ್ಬಿಕೊಂಡು ವಿಯು ಬಡವಾಗಿದ್ದರೆ ಆಧಾರದ ಕಾಲಂ, ಅಂದರೆ ಮಾಹಿತಿ ಎಲ್ಲಿಂದ ಬಂತು ಅಂತ ಬರೆದಿಟ್ಟ ಕಾಲಂ, ನೋಡಿ. ಕನ್ನಡ ಮಾತಿನಿಂದ ದರ್ಜೆಗೆ ಹೋಗಬಾರದು, ದರ್ಜೆಯಿಂದ ಕನ್ನಡಕ್ಕೆ ಬರಬೇಕು. ಒಳಗೆ ಎರಡಕ್ಷರದ ಸಂಕೇತ ಇಡಿ, ಓದುವವರಿಗೆ ತೋರಿಸುವಾಗ ಕನ್ನಡ ಮಾಡಿ. ನಾವು ಸಿಆರ್‌ಗೆ 'ತೀವ್ರ ಅಳಿವಿನಂಚು', ಇಎನ್‌ಗೆ 'ಅಳಿವಿನಂಚು', ವಿಯುಗೆ 'ಅಪಾಯದಲ್ಲಿ', ಎನ್‌ಟಿಗೆ 'ಅಪಾಯದ ಹತ್ತಿರ' ಅಂತ ಇಟ್ಟುಕೊಂಡಿದ್ದೇವೆ. ನಿಮಗೆ ಬೇರೆ ಮಾತು ಇಷ್ಟವಿರಬಹುದು, ಜಗಳವಿಲ್ಲ. ನಾಲ್ಕಕ್ಕೂ ಬೇರೆ ಬೇರೆ ಮಾತಿದ್ದರೆ ಸಾಕು. ಲೆಕ್ಕ ಹಾಕುವಾಗ ಮಾತ್ರ ನೆನಪಿರಲಿ, 'ಅಪಾಯಕ್ಕೆ ಒಳಗಾದ ಜೀವಿಗಳು' ಅಂದರೆ ಮೊದಲ ಮೂರು ಮಾತ್ರ. ಎನ್‌ಟಿ ಆ ಲೆಕ್ಕಕ್ಕೆ ಸೇರುವುದಿಲ್ಲ.

ಖಾಲಿಯ ವಿಷಯ ಇನ್ನೊಂದು. ಡಿಡಿ ಅಂದರೆ ಅಳೆಯಲು ಹೋದೆವು, ಮಾಹಿತಿ ಸಾಲಲಿಲ್ಲ. ಎನ್‌ಇ ಅಂದರೆ ಅಳೆದೇ ಇಲ್ಲ. ಖಾಲಿ ಅಂದರೆ ನಾವು ನೋಡಿಲ್ಲ. ಎಲ್‌ಸಿ ಅಂದರೆ ಅಳೆದಿದ್ದೇವೆ, ಸದ್ಯ ಪರವಾಗಿಲ್ಲ. ಇವು ನಾಲ್ಕನ್ನೂ ಒಂದೇ ಚೀಲಕ್ಕೆ ತುಂಬಿದ ಫೈಲು ನಾನೇ ಮಾಡಿದ್ದೇನೆ. ಪ್ರಾದೇಶಿಕ ಕೆಂಪು ಪಟ್ಟಿಗಳಲ್ಲಿ 'ಎನ್‌ಎ' ಅಂತ ಒಂದು ದರ್ಜೆ ಇದೆ, ಈ ಪ್ರದೇಶಕ್ಕೆ ಅನ್ವಯಿಸದು ಅಂತ. ಲೆಕ್ಕಕ್ಕೆ ಬಳಸುವ ಸಾಫ್ಟ್‌ವೇರ್‌ಗಳಾದ ಆರ್ ಆಗಲಿ, ಪೈಥಾನಿನ ಪಾಂಡಾಸ್ ಆಗಲಿ, ಫೈಲು ಓದುವಾಗ ಆ ಎರಡಕ್ಷರವನ್ನು ಖಾಲಿ ಅಂತಲೇ ತಿಳಿಯುತ್ತವೆ. ಅವು ಖಾಲಿ ಮಾಡಿದವು. ಖಾಲಿ ಚೆನ್ನಾಗಿ ಕಾಣುವುದಿಲ್ಲ ಅಂತ ನಾನು ಖಾಲಿಗೆಲ್ಲ ಎಲ್‌ಸಿ ತುಂಬಿಸಿದೆ. ಫೈಲು ಓದುವ ಆದೇಶದಲ್ಲೇ ಎನ್‌ಎ ಅಕ್ಷರವಾಗಿಯೇ ಉಳಿಯಲಿ ಅಂತ ಹೇಳುವುದು ಇದಕ್ಕೆ ಮದ್ದು. ಖಾಲಿ ಜಾಗ ಕಂಡಾಗ ಕೈ ಕಟ್ಟಿ ಕೂರುವುದು ಇನ್ನೊಂದು ಮದ್ದು.

ತಾರೀಖನ್ನೂ ಇಲ್ಲೇ ನೋಡಿಬಿಡಿ. ರಕ್ತಚಂದನ ಇಎನ್ ಆಗಿತ್ತು, 2018ರಲ್ಲಿ ಎನ್‌ಟಿಗೆ ಇಳಿಯಿತು, ಮತ್ತೆ ಇಎನ್‌ಗೆ ಏರಿತು. ನಡುವೆ ಡೌನ್‌ಲೋಡ್ ಮಾಡಿಟ್ಟ ಫೈಲಿನಲ್ಲಿ ಅದು ಇವತ್ತಿಗೂ ಎನ್‌ಟಿ. ಪಶ್ಚಿಮ ಘಟ್ಟದ ಎಷ್ಟೋ ಮರಗಳನ್ನು ಅಳೆದದ್ದು 1998ರಲ್ಲಿ, ಹಳೆಯ ನಿಯಮದಲ್ಲಿ. ಹತ್ತು ವರ್ಷ ದಾಟಿದ ಅಳತೆಗೆ ಕೆಂಪು ಪಟ್ಟಿಯೇ 'ಮತ್ತೆ ಅಳೆಯಬೇಕು' ಅಂತ ಗುರುತು ಹಾಕುತ್ತದೆ. ಅಳೆದ ವರ್ಷ ಒಂದು ಕಾಲಂ, ನಾವು ತಂದ ದಿನ ಇನ್ನೊಂದು ಕಾಲಂ. ಎರಡನ್ನು ಒಂದೇ ಮಾಡಿದರೆ ಇಪ್ಪತ್ತೈದು ವರ್ಷದ ಹಿಂದಿನ ಅಳತೆ ನಿನ್ನೆಯದರ ಹಾಗೆ ಕಾಣುತ್ತದೆ.

ಅನುಸೂಚಿ 23

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ದೋಷ. ಒಂದು ದಿನ ಪಟ್ಟಿಯಲ್ಲಿ ಒಂದು ಹಕ್ಕಿಯ ಮುಂದೆ 'ಅನುಸೂಚಿ 23' ಅಂತ ಕಂಡಿತು.

ಕಾಯ್ದೆ ಬಂದದ್ದು 1972ರಲ್ಲಿ. 2022ರ ತಿದ್ದುಪಡಿಗೆ ಮೊದಲು ಅದರಲ್ಲಿ ಆರು ಅನುಸೂಚಿಗಳಿದ್ದವು. ಆ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಆರು ಹೋಗಿ ನಾಲ್ಕಾದವು. ಈಗ 1 ಅಂದರೆ ಹೆಚ್ಚಿನ ರಕ್ಷಣೆಯ ಪ್ರಾಣಿಗಳು, 2 ಅಂದರೆ ಅದಕ್ಕಿಂತ ಸ್ವಲ್ಪ ಕಡಿಮೆ, 3 ಸಸ್ಯಗಳು, 4 ಸೈಟೀಸ್ ಪಟ್ಟಿಯವು. ಇಪ್ಪತ್ಮೂರು ಎಲ್ಲಿಂದ ಬಂತು?

ಎಕ್ಸೆಲ್‌ನಿಂದ ಬಂತು. 'ಅನುಸೂಚಿ 1' ಅಂತ ಬರೆದ ಸೆಲ್‌ನ ಮೂಲೆ ಹಿಡಿದು ಕೆಳಗೆ ಎಳೆದರೆ ಅದು ಅನುಸೂಚಿ 2, ಅನುಸೂಚಿ 3 ಅಂತ ತಾನೇ ಎಣಿಸುತ್ತಾ ಹೋಗುತ್ತದೆ. ಕೊನೆಗೆ ಅಂಕಿ ಇರುವ ಯಾವ ಮಾತಾದರೂ ಹಾಗೇ.

ಇದರಲ್ಲಿ 23 ಅಪಾಯವಲ್ಲ, ಕಾಣುತ್ತದೆ. ಅಪಾಯ ಅದರ ಮೇಲಿನ ಸಾಲುಗಳಲ್ಲಿದೆ. 5ರಿಂದ ಮುಂದಿನವು ಕಣ್ಣಿಗೆ ಹೊಡೆಯುತ್ತವೆ, ಆದರೆ ಅದೇ ಎಳೆತದಲ್ಲಿ ಹುಟ್ಟಿದ 2, 3, 4 ಸಾಚಾಗಳ ಹಾಗೆ ಕೂತಿರುತ್ತವೆ. ಇಲ್ಲದ ಅನುಸೂಚಿ ಕಂಡರೆ ಅಲ್ಲಿಂದ ಮೇಲಕ್ಕೆ ಓದಿಕೊಂಡು ಹೋಗಿ, 1 ಸಿಗುವವರೆಗೆ. ಅಷ್ಟೂ ಅನುಮಾನದ ಸಾಲು. ನಾವು ಎಲ್ಲಿಯವರೆಗೂ ತಿದ್ದದೆ ಬಿಟ್ಟಿದ್ದೆವೋ ಅಲ್ಲಿಯವರೆಗೂ ಒಂದು ಹಕ್ಕಿ ಸಸ್ಯಗಳ ಅನುಸೂಚಿಯಲ್ಲಿತ್ತು.

ಒಂದು ಎಚ್ಚರ. 5 ಅಥವಾ 6 ಕಂಡ ಕೂಡಲೇ ಎಕ್ಸೆಲ್ಲನ್ನು ಬೈಯಬೇಡಿ. ಹಳೆಯ ಕಾಯ್ದೆಯಲ್ಲಿ 5 ಅಂದರೆ ಉಪದ್ರವಿ ಪ್ರಾಣಿಗಳು: ಕಾಗೆ, ಇಲಿ, ಹಣ್ಣು ತಿನ್ನುವ ಬಾವಲಿ. 6 ಅಂದರೆ ಸಸ್ಯಗಳು, ಮೇಘಾಲಯದ ಹೂಜಿ ಗಿಡದಂಥವು. ಎಳೆದದ್ದಾದರೆ ಅಂಕಿಗಳು ಮೆಟ್ಟಿಲಿನ ಹಾಗೆ ಸಾಲಾಗಿ ಏರುತ್ತವೆ. ಹಳೆಯ ಕಾಯ್ದೆಯವಾದರೆ ಅಲ್ಲೊಂದು ಇಲ್ಲೊಂದು ಚೆದುರಿರುತ್ತವೆ, ಜೀವಿಗೂ ಅಂಕಿಗೂ ಅರ್ಥ ಇರುತ್ತದೆ. ಎಲ್ಲಕ್ಕಿಂತ ಕಳ್ಳ ಅಂಕಿ 4. ಮೊದಲು ಅದು ಕಡಿಮೆ ರಕ್ಷಣೆಯ ಪ್ರಾಣಿಗಳ ಪಟ್ಟಿ, ಈಗ ಸೈಟೀಸ್. ಅಂಕಿ ಒಂದೇ, ಅರ್ಥ ಬೇರೆ. ಹಾಗಾಗಿ ಬರೀ ಅಂಕಿ ಬರೆಯಬೇಡಿ, 'ಹಳೆ-4', 'ಹೊಸ-4' ಅಂತ ಬರೆಯಿರಿ. ಕೊನೆಗೆ ಆಯ್ಕೆ ಮಾಡಲು ಇಳಿಪಟ್ಟಿ ಇಟ್ಟುಬಿಡಿ, ಟೈಪ್ ಮಾಡಲು ಯಾರಿಗೂ ಬಿಡಬೇಡಿ.

ಎಕ್ಸೆಲ್‌ನ ಇನ್ನೊಂದು ಪಾಪ, ಒಂದೇ ಕಾಲಂ ಆಯ್ಕೆ ಮಾಡಿ ಅಕಾರಾದಿ ಜೋಡಿಸುವುದು. ಹೆಸರುಗಳು ಜಾಗ ಬದಲಿಸುತ್ತವೆ, ಸ್ಥಿತಿಗಳು ಕೂತಲ್ಲೇ ಇರುತ್ತವೆ. ಅದು ಎಚ್ಚರಿಕೆ ಕೊಡುತ್ತದೆ, ನಾವು ಸರಿಯಾಗಿ ಓದದೆ 'ಆಯ್ಕೆ ಮಾಡಿದ್ದಷ್ಟೇ ಸಾಕು' ಅಂತ ಒತ್ತುತ್ತೇವೆ. ಸೇವ್ ಮಾಡಿ ಮುಚ್ಚಿದ ಮೇಲೆ ಇದಕ್ಕೆ ರಿಪೇರಿ ಇಲ್ಲ. ಪಕ್ಕಕ್ಕಿಟ್ಟ ಪ್ರತಿಗೆ ವಾಪಸ್ ಹೋಗಿ.

ಕಾಳಿಂಗ ನಾರ್ವೆಗೆ ಹೋದದ್ದು

ನಕ್ಷೆಯಲ್ಲಿ ಒಂದು ಚುಕ್ಕೆ ನಾರ್ವೆಯ ಉತ್ತರದ ಸಮುದ್ರದಲ್ಲಿ ತೇಲುತ್ತಿತ್ತು. ಕ್ಲಿಕ್ ಮಾಡಿದರೆ ಕಾಳಿಂಗ ಸರ್ಪ. ಆಗುಂಬೆ ಇರುವುದು ಸುಮಾರು 13.5 ಅಕ್ಷಾಂಶ, 75.1 ರೇಖಾಂಶದಲ್ಲಿ. ಎರಡನ್ನೂ ಅದಲುಬದಲು ಮಾಡಿದರೆ ಹಾವು ಮಂಜಿನ ನೀರಿಗೆ ಬೀಳುತ್ತದೆ. ಇದು ಸುಲಭ. ಕರ್ನಾಟಕದಲ್ಲಿ ಮೊದಲ ಅಂಕಿ 11ರಿಂದ 19ರ ಒಳಗೆ, ಎರಡನೆಯದು 74ರಿಂದ 79ರ ಒಳಗೆ ಇರದಿದ್ದರೆ ಸಾಲು ಒಳಗೇ ಬರದ ಹಾಗೆ ಮಾಡಿ.

ಕಷ್ಟದ್ದು ಇದು: 13 ಡಿಗ್ರಿ 30 ನಿಮಿಷವನ್ನು 13.30 ಅಂತ ಬರೆಯುವುದು. ಅದು 13.50 ಆಗಬೇಕು. ಚುಕ್ಕೆ 22 ಕಿ.ಮೀ. ದಕ್ಷಿಣಕ್ಕೆ ಸರಿಯುತ್ತದೆ, ಅಲ್ಲೂ ಕಾಡೇ ಇದೆ, ಯಾರಿಗೂ ಅನುಮಾನ ಬರುವುದಿಲ್ಲ. ಹಿಡಿಯುವ ಉಪಾಯ ಇದೆ. ಒಬ್ಬರು ಕಳಿಸಿದ ದಾಖಲೆಗಳನ್ನೆಲ್ಲ ಒಟ್ಟಿಗೆ ಇಟ್ಟು ಚುಕ್ಕಿಯ ನಂತರದ ಎರಡಂಕಿ ನೋಡಿ. ಐವತ್ತು ಅರವತ್ತು ದಾಖಲೆಯಲ್ಲಿ ಒಂದೂ 59 ದಾಟಿಲ್ಲ ಅಂದರೆ ಅವರು ನಿಮಿಷ ಬರೆದಿದ್ದಾರೆ.

ಜಾಗ ತೀರಾ ಸರಿಯಾಗಿ ಕಾಣುವುದೂ ದೋಷವೇ. ನಕ್ಷತ್ರ ಆಮೆ, ಚಿಪ್ಪುಹಂದಿ, ಕಾಡುಪಾಪ ಇವಕ್ಕೆಲ್ಲ ಕಳ್ಳಪೇಟೆ ಇದೆ. ಹೊರಗಿನವರಿಗೆ ತೋರಿಸುವಾಗ ದಶಮಾಂಶದ ಒಂದೇ ಅಂಕಿ ಇಡುತ್ತೇವೆ, ಅಂದರೆ ಸುಮಾರು 11 ಕಿ.ಮೀ. ಮಬ್ಬು. ಒಮ್ಮೆ ಎಲ್ಲ ಸರಿಯಾಗಿದೆ ಅಂತ ಬೀಗುತ್ತಿದ್ದಾಗ ಗೆಳತಿಯೊಬ್ಬಳು ಕೇಳಿದಳು, "ಡೌನ್‌ಲೋಡ್ ಬಟನ್ ಒತ್ತಿ ನೋಡಿದ್ಯಾ?" ಒತ್ತಿದೆ. ನಕ್ಷೆಯಲ್ಲಿ ಮಬ್ಬು, ಫೈಲಿನಲ್ಲಿ ಆರಂಕಿಯ ನಿಖರ ಜಾಗ. ಫೋಟೊ ಒಳಗಿನ ಜಿಪಿಎಸ್ ಕೂಡ ಹಾಗೇ ಇತ್ತು. ಕಾಡುಪಾಪ ಕೂತ ಮರದ ವಿಳಾಸ ಸಮೇತ. ಮಬ್ಬು ಮಾಡುವುದಾದರೆ ಹೊರಹೋಗುವ ಪ್ರತಿಯಲ್ಲೇ ಮಾಡಿ, ಫೋಟೊದಿಂದ ಜಾಗದ ಮಾಹಿತಿ ಒರೆಸಿಯೇ ಹಾಕಿ.

ಕಾವಲು ಸಾಲುಗಳು

ಪ್ರತಿ ಅಪ್‌ಡೇಟ್ ಆದಮೇಲೆ ಇಡೀ ಪಟ್ಟಿ ಓದಲು ಯಾರಿಗೂ ಪುರುಸೊತ್ತಿಲ್ಲ. ನಾನು ಕೆಲವು ಸಾಲುಗಳನ್ನು ಕಾವಲಿಗೆ ನಿಲ್ಲಿಸಿದ್ದೇನೆ. ಅವು ಸರಿ ಹೇಳಿದರೆ ಮಾತ್ರ ಹೊಸ ಪ್ರತಿ ಹೊರಗೆ ಹೋಗುತ್ತದೆ.

ನವಿಲು ಮೊದಲನೆಯದು. ಕೆಂಪು ಪಟ್ಟಿಯಲ್ಲಿ ಎಲ್‌ಸಿ, ಕಾನೂನಿನಲ್ಲಿ ಅನುಸೂಚಿ 1. ಎರಡೂ ಒಟ್ಟಿಗೆ ಕಾಣಬೇಕು. ನವಿಲು ಇಎನ್ ಆದರೆ ಯಾರೋ ಕಾನೂನನ್ನೂ ಕೆಂಪು ಪಟ್ಟಿಯನ್ನೂ ಬೆರೆಸಿದ್ದಾರೆ. ಕೃಷ್ಣಮೃಗಕ್ಕೂ ಅದೇ ಪರೀಕ್ಷೆ. ಶ್ರೀಗಂಧದ ಮುಂದೆ ವಿಯು ಇದ್ದು ಅನುಸೂಚಿ ಖಾಲಿ ಇರಬೇಕು. ಅದನ್ನು ಕಾಯುವುದು ಅರಣ್ಯ ಕಾಯ್ದೆ, ಅದಕ್ಕೆ ಬೇರೆ ಕಾಲಂ ಇದೆ. ರಕ್ತಚಂದನ ಎನ್‌ಟಿ ಕಂಡರೆ ಹಳೆಯ ಫೈಲು ಒಳಬಂದಿದೆ. ಸಿಂಗಳೀಕ ಹುಡುಕಿದಾಗ ಎಣಿಕೆ ಹಿಂದಿನ ಸಲಕ್ಕಿಂತ ಕಡಿಮೆ ಬಂದರೆ ಸೊನ್ನೆ ನುಸುಳಿದೆ. ಕಾಳಿಂಗದ ಅನುಸೂಚಿ ಖಾಲಿಯಾದರೆ ಕೊಂಡಿ ಮತ್ತೆ ಕಳಚಿದೆ.

ಮಹಶೀರ್‌ನ ಹನ್ನೊಂದು ಸಾಲು ಇನ್ನೂ 'ಗುರುತು ಸಂದೇಹ' ಅಂತಲೇ ನಿಂತಿವೆ. ಅದರಲ್ಲಿ ಒಂದರ ಫೋಟೊ ಇದೆ ಅಂತ ಮೀನು ಹಿಡಿಯುವ ಅಜ್ಜನೊಬ್ಬರು ಹೇಳಿದ್ದಾರೆ. ಮಗಳ ಮನೆಯ ಗೋಡೆಯಲ್ಲಿ, ಚೌಕಟ್ಟು ಹಾಕಿಸಿ ತೂಗುಹಾಕಿದೆಯಂತೆ. ಮುಂದಿನ ತಿಂಗಳು ಹೋಗಿ ನೋಡಬೇಕು.